ಸೆರೆಯಾಳಿನ ನುಡಿಯೂ ಸಹೃದಯನ ಹೊಣೆಯೂ

ಹುಲಕೋಟಿಯ ಎರೆಯ ಹೊಲಗಳ ನಡುವೆ ಬಾಳುವ ನಮಗೆ ಕಡಲು ದೂರದ ವಸ್ತು. ಹಡಗು, ಖಲಾಸಿ, ನೌಕಾಯುದ್ಧ ಇವು ನಮಗೆ ಗ್ರಂಥಗಳ ಮೂಲಕವೇ ಪರಿಚಿತವಾದುವು. ಆದರೆ ಸೆರೆಯೆಂಬುದು ನಮ್ಮ ಪ್ರಾಂತಕ್ಕೆ ಹೊಸತಲ್ಲ. 1785ರಲ್ಲಿ ನರಗುಂದದ ದೊರೆಗಳಾದ ವೆಂಕಟರಾವ ಭಾವೆಯವರು ಟೀಪೂ ಸುಲ್ತಾನನ ಸೈನ್ಯಕ್ಕೆ ಕೋಟೆಯನ್ನು ಒಪ್ಪಿಸಬೇಕಾಯಿತು. ಅವರೂ ಅವರ ಕಾರಭಾರಿಗಳಾದ ಕಾಳೋಪಂತ ಪೇಠೆಯವರೂ ಸೆರೆಯಾದರು. ವೆಂಕಟರಾಯರನ್ನು ಸಂಕೋಲೆಯಲ್ಲಿ ಕಬ್ಬಾಳದುರ್ಗಕ್ಕೆ ಒಯ್ದರು. ಈ ವೃತ್ತಾಂತವನ್ನು ನಾವು ಇತಿಹಾಸಕಾರರ ಬಾಯಿಂದ ಕೇಳುತ್ತೇವೆ. ಸಂಕೋಲೆ ತೊಟ್ಟವನ ಬಾಯಿಂದಲೇ ಸೆರೆಯ ಕಥೆಯನ್ನು ಕೇಳಬೇಕಾದರೆ ಬೇರೆ ಗ್ರಂಥಗಳನ್ನು ತೆರೆಯಬೇಕಾಗುತ್ತದೆ. ಅಂಥ ಎರಡು ಗ್ರಂಥಗಳನ್ನು ಪ್ರಕೃತ ಲೇಖನದಲ್ಲಿ ವಿಮರ್ಶಿಸಲು ಎಣಿಸಿದ್ದೇವೆ. ಎರಡೂ ನೌಕಾಸೈನ್ಯದವರ ಸೆರೆಯ ಕಥೆಗಳು. ಒಂದು ನಮ್ಮ ನಾಡಿನಲ್ಲಿಯೇ ನಡೆದುದು, ಇನ್ನೊಂದು ಕೊರಿಯಾ ದೇಶದಲ್ಲಿ ನಡೆದುದು.

ಮೊದಲನೆಯದು ಜೇಮ್ಸ್ ಸ್ಕರಿ ಎಂಬ ಆಂಗ್ಲ ನಾವಿಕನ ಆತ್ಮವೃತ್ತ. 1782ರ ಜನವರಿಯಲ್ಲಿ 'ಹ್ಯಾನಿಬಲ್' ಎಂಬ 50 ತೋಪುಗಳ ಆಂಗ್ಲ ಯುದ್ಧನೌಕೆಯು ಫ್ರೆಂಚರ ಕೈಸೇರಿತು. ಫ್ರೆಂಚ್ ನೌಕಾಧಿಪತಿಯಾದ ಸಫ್ರೆನನಿಗೆ ಸೆರೆಯಾಳುಗಳನ್ನು ಇರಿಸಿಕೊಳ್ಳಲು ಸಮೀಪದಲ್ಲಿ ಸ್ವಂತದ ಬಂದರವಿರಲಿಲ್ಲ. ಅವರಿಗೆ ಅನ್ನವಿಕ್ಕುವುದೂ ಕಷ್ಟವಾಗಿತ್ತು. ಸೆರೆಯಾಳುಗಳ ಅದಲುಬದಲಿಗೆ ಆಂಗ್ಲರು ಒಪ್ಪಲಿಲ್ಲ. ಆದಕಾರಣ ಅವನು ಅವರನ್ನು ತನ್ನ ಮಿತ್ರನಾದ ಹೈದರ ಅಲಿಗೆ ಒಪ್ಪಿಸಿಬಿಟ್ಟನು. ಅವರಲ್ಲಿ ಹದಿನಾರರ ಹರೆಯದ ಸ್ಕರಿಯೂ ಒಬ್ಬನು. ಎಳೆವಯಸ್ಸಿನವರನ್ನು ಶ್ರೀರಂಗಪಟ್ಟಣಕ್ಕೆ ತಂದು, ಸುನ್ನತಿ ಮಾಡಿಸಿ, ಹೊಸ ಹೆಸರುಗಳನ್ನಿಟ್ಟು, 'ಚೇಲಾ' ಎಂಬ ದಂಡಿಗೆ ಸೇರಿಸಿದರು. ಸ್ಕರಿಯು ಶಂಶೇರ ಖಾನನಾದನು. 1784ರ ಮಂಗಳೂರ ಒಪ್ಪಂದದಿಂದ ಅನೇಕ ಸೆರೆಯಾಳುಗಳು ಬಿಡುಗಡೆ ಹೊಂದಿದರೂ ಈ ಹುಡುಗರು ಹಿಂದೆಯೇ ಉಳಿದರು. ಮೂರನೆಯ ಮೈಸೂರು ಯುದ್ಧದ ಗೊಂದಲದಲ್ಲಿ ಸ್ಕರಿಯು ತಪ್ಪಿಸಿಕೊಂಡು ಸ್ವದೇಶಕ್ಕೆ ಮರಳಿದನು. 1822ರಲ್ಲಿ ತೀರಿಕೊಂಡನು, ಅವನ ಪುಸ್ತಕವು 1824ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು.

ಈ ಪುಸ್ತಕವನ್ನು ಓದುವಾಗ ಎಚ್ಚರ ಬೇಕು. ಟೀಪುವಿನ ಸೆರೆಯ ಕಥೆಗಳನ್ನು ಆಂಗ್ಲ ವಾಚಕರು ಬಹುಕಾಲದಿಂದ ಆದರದಿಂದ ಓದುತ್ತ ಬಂದಿದ್ದರು. ಓಕ್ಸನ ವೃತ್ತಾಂತವು 1785ರಲ್ಲಿ, ಬ್ರಿಸ್ಟೋನದು 1793ರಲ್ಲಿ ಹೊರಬಿದ್ದಿದ್ದುವು. ಟೀಪುವು ಕ್ರೂರಿಯೆಂದು ಸಾರುವ ಪ್ರತಿಯೊಂದು ಪುಟವೂ ಕುಂಪಣಿಯ ಯುದ್ಧಗಳಿಗೆ ಸಮರ್ಥನೆಯಾಗಿ ಒದಗುತ್ತಿತ್ತು. ಸ್ಕರಿಯು ಪಟ್ಟ ಪಾಡು ಸುಳ್ಳಲ್ಲ. ಹದಿಹರೆಯದ ಹುಡುಗನ ಹೆಸರನ್ನೂ ಧರ್ಮವನ್ನೂ ಬಲಾತ್ಕಾರದಿಂದ ಕಸಿದುಕೊಂಡುದನ್ನು ಯಾರೂ ಸಮರ್ಥಿಸಲಾರರು. ಆದರೆ ಹಿಂಸೆಯ ಕಥನಗಳಲ್ಲಿ ಅವನ ಸ್ವಂತ ದನಿ ಎಷ್ಟು, ಕೇಳುವವರು ಬಯಸಿದ ದನಿ ಎಷ್ಟೆಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಬಿಡುಗಡೆ ಹೊಂದಿದವನಿಗೂ ಒಂದು ಕಾವಲು ಇರುತ್ತದೆ. ಅದು ತನ್ನವರ ಅಪೇಕ್ಷೆಯ ಕಾವಲು.

ಈ ಕಾವಲನ್ನು ಸ್ಕರಿಯು ಮೀರಿದ ಸ್ಥಳಗಳೇ ಅವನ ಗ್ರಂಥದ ಜೀವಾಳ. ತನ್ನವರ ನಡುವೆ ಮರಳಿದಾಗ ಅವನಿಗೆ ಕುರ್ಚಿಯ ಮೇಲೆ ಕೂಡ್ರುವುದು ಮರೆತಿತ್ತು. ಚಾಕು ಮುಳ್ಳುಚಮಚಗಳಿಂದ ಉಣ್ಣುವುದು ಮರೆತಿತ್ತು. ಆಂಗ್ಲ ಉಡುಪು ಮೈಗೆ ಒಗ್ಗದಾಗಿತ್ತು. ತಾಯಿನುಡಿಯೇ ನಾಲಗೆಯಲ್ಲಿ ತಡವರಿಸುತ್ತಿತ್ತು. ಶ್ರೀರಂಗಪಟ್ಟಣದಲ್ಲಿ ಅವನಿಗೆ ಮದುವೆಯಾಗಿತ್ತು. ಪಾರಾಗಿ ಬರುವಾಗ ಹೆಂಡತಿ ಮಕ್ಕಳನ್ನು ಹಿಂದೆ ಬಿಟ್ಟು ಬರಬೇಕಾಯಿತು. ಈ ಸಂಗತಿಗಳು ಯಾವ ಪಕ್ಷದ ವಾದಕ್ಕೂ ಒದಗುವಂಥವಲ್ಲ. ಇವನ್ನು ಹೇಳೆಂದು ಅವನನ್ನು ಯಾರೂ ಒತ್ತಾಯಪಡಿಸಿರಲಿಲ್ಲ. ಮುಚ್ಚಿಟ್ಟಿದ್ದರೆ ಅವನ ಮರ್ಯಾದೆಗೇ ಒಳಿತಾಗುತ್ತಿತ್ತು. ಆದುದರಿಂದಲೇ ಇವುಗಳಲ್ಲಿ ನಮಗೆ ನಂಬಿಕೆ ಹುಟ್ಟುತ್ತದೆ. ಬಿಡುಗಡೆಯೇ ಒಂದು ಅಗಲಿಕೆಯೂ ಆದ ಈ ಕರುಣೆಯನ್ನು ಅವನು ಅಲಂಕಾರವಿಲ್ಲದೆ ಹೇಳಿದ್ದಾನೆ.

ಎರಡನೆಯ ಕಥೆ 186 ವರುಷಗಳ ತರುವಾಯದ್ದು. ಅಮೇರಿಕದ 'ಪ್ಯೂಬ್ಲೋ' ಎಂಬ ಹಡಗು ಹೊರನೋಟಕ್ಕೆ ಸಮುದ್ರಶಾಸ್ತ್ರದ ಸಂಶೋಧನೆಯದು. ನಿಜವಾಗಿ ಪರರಾಷ್ಟ್ರದ ರೇಡಿಯೋ ಸಂಕೇತಗಳನ್ನು ಕದ್ದು ಕೇಳುವ ಗೂಢಚಾರ ನೌಕೆ. 1968ರ ಜನವರಿ 23ರಂದು ಉತ್ತರ ಕೊರಿಯದ ವೊನ್ಸಾನ್ ಬಂದರದ ಎದುರಿಗಿನ ಕಡಲಿನಲ್ಲಿ ಆ ದೇಶದ ಯುದ್ಧದೋಣಿಗಳು ಅದನ್ನು ಮುತ್ತಿ ಹಿಡಿದುವು. ಹಡಗಿನಲ್ಲಿ 83 ಜನರಿದ್ದರು. ಗುಪ್ತ ಕಾಗದಗಳನ್ನು ನಾಶಮಾಡುತ್ತಿದ್ದಾಗ ಗುಂಡೇಟಿನಿಂದ ಒಬ್ಬನು ಮಡಿದನು. ಉಳಿದ 82 ಜನರು 11 ತಿಂಗಳ ಕಾಲ ಸೆರೆಯಲ್ಲಿದ್ದರು. ನಾಯಕನಾದ ಲಾಯ್ಡ್ ಬುಚರನನ್ನು ಬಡಿದರು. ಆದರೂ ಅವನು ಮಣಿಯಲಿಲ್ಲ. ಕಿರಿಯ ನಾವಿಕನಿಂದ ಮೊದಲುಗೊಂಡು ಎಲ್ಲರನ್ನೂ ನಿನ್ನ ಕಣ್ಣೆದುರಿಗೇ ಗುಂಡಿಕ್ಕಿ ಕೊಲ್ಲುವೆವೆಂದು ಬೆದರಿಸಿದಾಗ ಅವನು ತಪ್ಪೊಪ್ಪಿಗೆಗೆ ರುಜು ಹಾಕಿದನು. 1970ರಲ್ಲಿ ಅವನು ಪ್ರಕಟಿಸಿದ 'ಬುಚರ್: ಮೈ ಸ್ಟೋರಿ' ಎಂಬ ಆತ್ಮಕಥೆಯಲ್ಲಿ ಈ ವೃತ್ತಾಂತವಿದೆ.

ಸಾಹಿತ್ಯದೃಷ್ಟಿಯಿಂದ ನೋಡಿದರೆ ಅವನ ಆತ್ಮಕಥೆಗಿಂತಲೂ ಸೆರೆಯಲ್ಲಿ ಬರೆಯಿಸಿಕೊಂಡ ಆ ತಪ್ಪೊಪ್ಪಿಗೆಯೇ ಹೆಚ್ಚು ವಿಚಾರಾರ್ಹವೆಂದು ನಮಗೆ ತೋರುತ್ತದೆ. ಕೊರಿಯವನ್ನೂ ಅದರ ನಾಯಕನನ್ನೂ ಸ್ತುತಿಸುವೆವೆಂಬ ಅರ್ಥದಲ್ಲಿ ಅವನು 'ಪೀಯನ್' ಎಂಬ ಶಬ್ದವನ್ನು ಬಳಸಿದನು. ನಿಘಂಟಿನಲ್ಲಿ ಅದರ ಅರ್ಥ ಸ್ತೋತ್ರಗೀತ. ಬಾಯಿಬಿಟ್ಟು ಓದಿದರೆ ಆಂಗ್ಲರ ಕಿವಿಗೆ ಅದು ಮೂತ್ರ ಹೊಯ್ಯುವೆವೆಂಬಂತೆ ಕೇಳುತ್ತದೆ. ಕಾವಲಿನವರು ನಿಘಂಟನ್ನು ನೋಡಿ ತೃಪ್ತರಾದರು. ಅವನ ದೇಶದವರು ಕಿವಿಯಿಂದ ಕೇಳಿ ಅರಿತರು. ನಮ್ಮ ಆಲಂಕಾರಿಕರು ಇದನ್ನು ವ್ಯಾಜಸ್ತುತಿಯೆನ್ನುವರು. ದಾಸರ ನಿಂದಾಸ್ತುತಿಯಲ್ಲಿ ಮೇಲೆ ನಿಂದೆ, ಒಳಗೆ ಭಕ್ತಿ. ಇಲ್ಲಿ ಮೇಲೆ ಸ್ತುತಿ, ಒಳಗೆ ತಿರಸ್ಕಾರ. ಶ್ಲೇಷೆಯನ್ನು ಪಂಡಿತರ ವಿನೋದವೆಂದು ಹಗುರಾಗಿ ಕಾಣುವ ನವ್ಯ ವಾಚಕರು ಇದನ್ನು ಲಕ್ಷ್ಯಕ್ಕೆ ತರಬೇಕು. ಕೈಕಾಲುಗಳಿಗೆ ಸ್ವಾತಂತ್ರ್ಯವಿಲ್ಲದವನಿಗೆ ಒಂದು ಶಬ್ದದ ಎರಡನೆಯ ಅರ್ಥವೇ ಉಳಿದ ಏಕೈಕ ಸ್ವಾತಂತ್ರ್ಯ.

ಆದರೆ ಇದೇ ಕಥೆಯಲ್ಲಿ ವಿಮರ್ಶಕರಿಗೆ ಒಂದು ಕಠಿಣ ಪಾಠವೂ ಇದೆ. ಕಾವಲಿನವರು ತೆಗೆಯಿಸಿದ ಛಾಯಾಚಿತ್ರಗಳಲ್ಲಿ ಕೆಲ ನಾವಿಕರು ನಡುಬೆರಳನ್ನು ಚಾಚಿ ನಿಂತಿದ್ದರು. ಅದು ಹವಾಯಿ ದ್ವೀಪದ ಶುಭಸೂಚಕ ಮುದ್ರೆಯೆಂದು ಕಾವಲಿನವರನ್ನು ನಂಬಿಸಿದ್ದರು. ಅವರ ದೇಶದಲ್ಲಿ ಅದು ಹೇಸಿ ಬೈಗುಳ. 1968ರ ಅಕ್ಟೋಬರದಲ್ಲಿ ಅಮೇರಿಕದ 'ಟೈಮ್' ಪತ್ರಿಕೆಯು ಆ ಮುದ್ರೆಯ ಗೂಢಾರ್ಥವನ್ನು ಬಹಿರಂಗವಾಗಿ ವಿವರಿಸಿತು. ಅದು ಕೊರಿಯದವರಿಗೂ ತಿಳಿಯಿತು. ಡಿಸೆಂಬರದಲ್ಲಿ ಸೆರೆಯಾಳುಗಳನ್ನು ಒಂದು ವಾರದವರೆಗೆ ಅತಿ ಕ್ರೂರವಾಗಿ ಬಡಿದರು. ವ್ಯಂಗ್ಯವನ್ನು ಬಿಡಿಸಿ ಹೇಳುವುದೇ ವಿಮರ್ಶಕನ ಕೆಲಸವೆಂದು ನಾವು ಹೆಮ್ಮೆ ಪಡುತ್ತೇವೆ. ಆದರೆ ನುಡಿದವನು ಇನ್ನೂ ಸೆರೆಯಲ್ಲಿರುವಾಗ ಅರ್ಥವನ್ನು ಅರಿತೂ ಮೌನದಿಂದಿರುವುದೇ ಸಹೃದಯತೆ. ಅರ್ಥವಾಯಿತೆಂಬ ನಮ್ಮ ಸಂತೋಷಕ್ಕೆ ಬೇರೊಬ್ಬನ ಬೆನ್ನು ಬೆಲೆ ತೆರಬಾರದು.

1968ರ ಡಿಸೆಂಬರ 23ರಂದು ಬಿಡುಗಡೆಯಾಯಿತು. ಅದರ ರೀತಿಯೂ ಗಮನಾರ್ಹವಾದುದು. ಅಮೇರಿಕದ ಪ್ರತಿನಿಧಿಯಾದ ಸೇನಾನಿ ವುಡ್‌ವರ್ಡನು ಕ್ಷಮಾಪತ್ರಕ್ಕೆ ರುಜು ಹಾಕುವ ಮೊದಲು, ಇದರಲ್ಲಿರುವುದನ್ನು ತಾನು ಒಪ್ಪುವುದಿಲ್ಲ, ಸೆರೆಯಾಳುಗಳ ಬಿಡುಗಡೆಗಾಗಿ ಮಾತ್ರ ರುಜು ಹಾಕುತ್ತೇನೆಂದು ಬಾಯಿಂದ ಸಾರಿದನು. ತನ್ನವರ ಜೀವಕ್ಕಾಗಿ ಒಪ್ಪದ ಮಾತಿಗೆ ರುಜು ಹಾಕುವುದು ರಾಷ್ಟ್ರಕ್ಕೆ ದೂಷಣವಲ್ಲವೆಂದಾದರೆ ನಾಯಕನಿಗೆ ಹೇಗೆ ದೂಷಣವಾದೀತು? ಹೀಗಿದ್ದೂ 1969ರಲ್ಲಿ ನೌಕಾಸೈನ್ಯದ ವಿಚಾರಣಾ ಮಂಡಲಿಯು, ಕಾದಾಡದೆ ಹಡಗನ್ನು ಒಪ್ಪಿಸಿದನೆಂದು ಬುಚರನನ್ನು ಸೈನಿಕ ನ್ಯಾಯಾಲಯಕ್ಕೆ ಗುರಿಪಡಿಸಬೇಕೆಂದು ಸೂಚಿಸಿತು. ಅವರು ಪಟ್ಟ ಕಷ್ಟವೇ ಸಾಕೆಂದು ನೌಕಾಖಾತೆಯ ಕಾರ್ಯದರ್ಶಿಯಾದ ಜಾನ್ ಚೇಫಿಯು ಆ ಸೂಚನೆಯನ್ನು ತಳ್ಳಿಹಾಕಿದನು. ಸೆರೆಯಾಳುಗಳ ಪದಕವು ಈ ನಾವಿಕರಿಗೆ ದೊರೆತುದು 1990ರಲ್ಲಿ. ಹಡಗು ಇಂದಿಗೂ ಪ್ಯೋಂಗ್ಯಾಂಗ್ ನಗರದಲ್ಲಿ ಪ್ರದರ್ಶನದ ವಸ್ತುವಾಗಿ ನಿಂತಿದೆ.

ಈ ಎರಡೂ ಕಥೆಗಳನ್ನು ಜೊತೆಯಾಗಿರಿಸಿ ಓದಿದರೆ ಒಂದು ನಿಯಮ ಹೊಳೆಯುತ್ತದೆ. ಸೆರೆಯಾಳಿನ ನುಡಿಗೆ ಇಬ್ಬರು ಯಜಮಾನರು: ಹಿಡಿದವರು, ಬರಮಾಡಿಕೊಂಡವರು. ಬುಚರನ ಶ್ಲೇಷೆ ಮೊದಲನೆಯವರನ್ನು ಮೀರಿತು. ಹೆಂಡತಿ ಮಕ್ಕಳಿಗಾಗಿ ಸ್ಕರಿಯ ಮರುಕವು ಎರಡನೆಯವರನ್ನು ಮೀರಿತು. ಇಬ್ಬರನ್ನೂ ಮೀರಿ ಕೇಳಿಬರುವ ದನಿಯನ್ನು ಹುಡುಕುವುದೇ ವಾಚಕನ ಕರ್ತವ್ಯ. ವಾಚ್ಯಾರ್ಥದಲ್ಲಿಯೇ ನಿಂತವನು ಸೆರೆಯಾಳಿಗೆ ಅನ್ಯಾಯ ಮಾಡಿದಂತೆ.

ಇಷ್ಟು ಹೇಳಿದ ಮೇಲೆ ನರಗುಂದದ ನೆನಪು ಮರಳಿ ಬರುತ್ತದೆ. ವೆಂಕಟರಾಯರು ಸಂಕೋಲೆ ತೊಟ್ಟ ವರುಷದಲ್ಲಿ ಸ್ಕರಿಯು ಶ್ರೀರಂಗಪಟ್ಟಣದಲ್ಲಿಯೇ ಇದ್ದನು. ಒಬ್ಬನೇ ಅರಸನ ಸೆರೆಯಾಳುಗಳು. 1784ರಲ್ಲಿ ಕರಾವಳಿಯಿಂದ ಹೊರಡಿಸಲ್ಪಟ್ಟ ಕ್ರೈಸ್ತರೂ, 1792ರಲ್ಲಿ ಕಾರ್ನವಾಲೀಸನಿಗೆ ಒತ್ತೆಯಾಗಿ ಒಪ್ಪಿಸಲ್ಪಟ್ಟ ಟೀಪುವಿನ ಇಬ್ಬರು ಎಳೆಯ ಮಕ್ಕಳೂ, ಸ್ಕರಿಯು ಬಿಟ್ಟುಹೋದ ಆ ಹೆಂಗಸೂ ಸೆರೆಯ ಬೇರೆ ಬೇರೆ ರೂಪಗಳನ್ನು ಉಂಡವರೇ. ಲಂಡನ್ನಿನಲ್ಲಿ ಅಚ್ಚಾದುದು ನಾವಿಕನ ಪುಸ್ತಕ ಮಾತ್ರ. ಆ ಪುಸ್ತಕವನ್ನು ಓದುವಾಗ, ಬರೆಯಲಾರದೆ ಹೋದ ಇವರಿಗೂ ನಮ್ಮ ಮನಸ್ಸಿನಲ್ಲಿ ಸ್ಥಳವಿರಲಿ. ಅಷ್ಟಾದರೆ ನಮ್ಮ ಓದು ಸಾರ್ಥಕ.