ಪದಕದ ಹಿಂದಿನ ಹಿರಿಯ

ಪೆನ್ನಾಗರಂ ಸೀಮೆಯಲ್ಲಿ, ಹೊಗೇನಕಲ್ಲಿನ ಬಂಡೆಗಳ ನಡುವೆ, ಬಿದಿರಿನ ಹರಿಗೋಲನ್ನು ಒಂದೇ ಹುಟ್ಟಿನಿಂದ ಕಾವೇರಿಯ ಸೆಳವಿನಲ್ಲಿ ತಿರುಗಿಸುವ ಅಂಬಿಗನನ್ನು ಕಂಡಾಗಲೆಲ್ಲ, ವಿದ್ಯೆಯೆಂಬುದು ಬಲ್ಲವನ ಕೈಯಿಂದ ಕಲಿಯುವವನ ಕೈಗೆ ನೇರವಾಗಿ ಸಾಗತಕ್ಕ ವಸ್ತುವೆಂಬ ನಂಬಿಕೆ ನನ್ನಲ್ಲಿ ದೃಢವಾಗುತ್ತದೆ. ಸ್ಕೌಟ್ ಬಾಲಕರ ದಕ್ಷತಾ ಪದಕಗಳ ಮೂಲತತ್ತ್ವವೂ ಇದೇ. 1909ರಲ್ಲಿ ಬೆಂಗಳೂರಿನಲ್ಲಿ ಕ್ಯಾಪ್ಟನ್ ಬೇಕರ್ ಕಟ್ಟಿದ ದಳದಿಂದ ನಮ್ಮ ದೇಶದಲ್ಲಿ ಮೊದಲ್ಗೊಂಡು, 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಎಂಬ ಏಕೀಕೃತ ಸಂಸ್ಥೆಯಾಗಿ ರೂಪುಗೊಂಡ ಈ ಚಳವಳಿಯಲ್ಲಿ, ಈಜು, ಅಡುಗೆ, ಪ್ರಥಮ ಚಿಕಿತ್ಸೆಗಳನ್ನು ಕಲಿಸಿ ಪರೀಕ್ಷಿಸುವ ಹಿರಿಯನ ಸ್ಥಾನ ಮೌನವಾದುದು, ಆದರೆ ಮಹತ್ತರವಾದುದು.

ಗಾಯದ ಪಟ್ಟಿಗೆ ರೀಫ್ ಗಂಟನ್ನೇ ಏಕೆ ಹಾಕಬೇಕೆಂದು ಕೇಳಿದ ಹುಡುಗನಿಗೆ ಉತ್ತಮ ಮಾರ್ಗದರ್ಶಕನು ಉತ್ತರವನ್ನು ಹೇಳದೆ, ಬಟ್ಟೆಯನ್ನೇ ಕೈಗಿತ್ತು, ಆ ಗಂಟು ಚಪ್ಪಟೆಯಾಗಿ ಕೂತು ಮೈಗೆ ಒತ್ತದೆಂಬುದನ್ನೂ, ಬೇಕಾದಾಗ ಸುಲಭವಾಗಿ ಬಿಚ್ಚಿಬರುವುದೆಂಬುದನ್ನೂ ಅವನ ಬೆರಳುಗಳೇ ಕಂಡುಕೊಳ್ಳುವವರೆಗೆ ಕಾದಿರುತ್ತಾನೆ. ಅವಸರಪಟ್ಟು ಪದಕವನ್ನು ಕೊಟ್ಟುಬಿಡುವುದು ದಾಕ್ಷಿಣ್ಯವಾದೀತೇ ಹೊರತು ವಿದ್ಯಾದಾನವಾಗಲಾರದು.

ತೋಳಿನ ಪದಕ ಮಾಸಿಹೋಗಬಹುದು; ಕೈಗೆ ಹತ್ತಿದ ಗಂಟು ಮರೆಯದು. ಒಂದು ಕಸುಬನ್ನಾದರೂ ಚೆನ್ನಾಗಿ ಬಲ್ಲ ಹಿರಿಯರು ವಾರದ ಒಂದು ಸಂಜೆಯನ್ನು ತಮ್ಮೂರಿನ ಬಾಲಕರಿಗೆ ಮೀಸಲಿಡಲಿ.