ದನ ಬಲ್ಲವನ ಮಾದರಿ

ಪುರಾತತ್ವಕ್ಕೆ ‘ಮಾದರಿ’ ಕೊಟ್ಟವರು ಲೂಯಿಸ್ ಬಿನ್‌ಫೋರ್ಡ್ ಮತ್ತು ಡೇವಿಡ್ ಕ್ಲಾರ್ಕ್, ಅವರಿಗಿಂತ ಮೊದಲು ಇದ್ದದ್ದು ಬರೀ ಮಡಕೆಚೂರುಗಳ ಪಟ್ಟಿ: ಈ ತೀರ್ಪನ್ನು ನಮ್ಮ ತರಗತಿಗಳಲ್ಲಿ ಇನ್ನೂ ಮಗ್ಗಿಯಂತೆ ಒಪ್ಪಿಸುತ್ತಾರೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮಾದರಿಗಳ ಮೇಲೆ ಕ್ಲಾರ್ಕ್ ಸಂಪಾದಿಸಿದ ಭಾರಿ ಗ್ರಂಥ ಬಂದದ್ದು 1972ರಲ್ಲಿ. ಅದಕ್ಕೆ ಒಂಬತ್ತು ವರ್ಷ ಮೊದಲೇ, 1963ರಲ್ಲಿ, ಪುರಾತತ್ವಜ್ಞ ರೇಮಂಡ್ ಆಲ್ಚಿನ್ ನಮ್ಮ ದಖನ್ನಿನ ಬೂದಿಗುಡ್ಡಗಳ ಮೇಲೆ ಇಡೀ ಪುಸ್ತಕವನ್ನೇ ಬರೆದಿದ್ದರು.

ಬಳ್ಳಾರಿ ಬಳಿಯ ಕುಡತಿನಿಯ ಬೂದಿಗುಡ್ಡವನ್ನು ಜನ ರಾಕ್ಷಸನ ಚಿತೆ ಅಂದರು. ಓದಿದವರು ಜ್ವಾಲಾಮುಖಿ ಅಂದರು, ಕುಲುಮೆ ಅಂದರು. ಅದು ಸುಟ್ಟ ಸಗಣಿ ಎಂಬ ಗುಮಾನಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಕಾಲದ್ದು. 1960ರಲ್ಲಿ ವಿಜ್ಞಾನಿ ಝೊಯ್ನರ್ ಬೂದಿಯನ್ನೇ ಪರೀಕ್ಷಿಸಿ ಹೌದೆಂದರು. ಆದರೆ ಸಗಣಿ ಎಂದಮೇಲೆ ಅಷ್ಟು ಸಗಣಿ ಒಂದೇ ಕಡೆ ಯಾಕೆ ಬಿತ್ತು, ಅದಕ್ಕೆ ಬೆಂಕಿ ಇಟ್ಟವರು ಯಾರು? 1957ರಲ್ಲಿ ಉತ್ನೂರಿನ ಬೂದಿಗುಡ್ಡದಲ್ಲಿ ಅಗೆದಾಗ ಆಲ್ಚಿನ್ನರಿಗೆ ಕಂಬ ನೆಟ್ಟ ಗುಳಿಗಳ ಸಾಲು ಸಿಕ್ಕಿತು, ಪದರಗಳ ನಡುವೆ ದನದ ಗೊರಸಿನ ಅಚ್ಚೂ ಸಿಕ್ಕಿತು. ಅಲ್ಲಿಗೆ ಗುಡ್ಡ ದೊಡ್ಡಿಯಾಯಿತು. ಇದೇ ಅವರ ಮಾದರಿ: ಬೇಲಿಯೊಳಗೆ ದನ ಕೂಡುತ್ತಾರೆ, ಸಗಣಿ ತುಂಬುತ್ತದೆ, ಸುಡುತ್ತಾರೆ, ಮತ್ತೆ ಬೇಲಿ ಕಟ್ಟುತ್ತಾರೆ. ಬೆಂಕಿಯ ಅರ್ಥ ಹುಡುಕುತ್ತ ಅವರು ಹೋಳಿಯವರೆಗೆ, ಸಂಕ್ರಾಂತಿಯಲ್ಲಿ ದನಗಳಿಗೆ ಕಿಚ್ಚು ಹಾಯಿಸುವವರೆಗೆ ಬಂದರು. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ಬೂದಿಗೆ ಇಂದಿನ ಹಬ್ಬವನ್ನು ಗಂಟು ಹಾಕುವುದು ಸಡಿಲ ತರ್ಕ ಎನ್ನುವವರಿದ್ದಾರೆ. ಇರಲಿ. ಹಬ್ಬ ಅಗೆದರೆ ಸಿಗುವ ವಸ್ತುವಲ್ಲ. ಆದರೂ ಹಟ್ಟಿಯ ಬದುಕನ್ನು ಕಣ್ಣಿಟ್ಟು ನೋಡಿದವರ ಊಹೆ ಅದು. ನಾನು ಅದರ ಪರ.

ಇನ್ನು ಕ್ಲಾರ್ಕ್. ಇಂಗ್ಲೆಂಡಿನ ಗ್ಲಾಸ್ಟನ್‌ಬರಿಯ ಕೆರೆಯೂರನ್ನು ಬೇರೆಯವರು ಎಂದೋ ಅಗೆದಿದ್ದರು. ಅವರ ದಾಖಲೆ ಹಿಡಿದು ಕ್ಲಾರ್ಕ್ ಗುಡಿಸಲುಗಳನ್ನು ದೊಡ್ಡದು, ಚಿಕ್ಕದು, ಗಂಡಸರದು, ಹೆಂಗಸರದು ಎಂದು ವಿಂಗಡಿಸಿ ಸಮಾಜವೊಂದನ್ನೇ ಕಟ್ಟಿದರು. ದಾಖಲೆಗಳನ್ನು ಮರಳಿ ನೋಡಿದವರಿಗೆ ಆ ಕಟ್ಟಡ ನಿಲ್ಲಲಿಲ್ಲ. ಜಾಣತನಕ್ಕೆ ಕೊರತೆಯಿರಲಿಲ್ಲ, ಆದರೆ ಅಲ್ಲಿ ಯಾರ ಮನೆಯ ಹೊಗೆಯೂ ನನ್ನ ಮೂಗಿಗೆ ಬಡಿಯುವುದಿಲ್ಲ.

ಆಲ್ಚಿನ್ನರನ್ನೂ ತಿದ್ದಿದರು. ತಿದ್ದಿದವರು ಕೆ. ಪದ್ದಯ್ಯ, ಬಿನ್‌ಫೋರ್ಡ್, ಕ್ಲಾರ್ಕರ ‘ಹೊಸ ಪುರಾತತ್ವ’ದ ಪಕ್ಷದವರೇ. ಶೋರಾಪುರ ದೋಆಬಿನ ಬೂದಿಹಾಳದಲ್ಲಿ ಅವರು ಗುಡ್ಡದಾಚೆಗೂ ಅಗೆದು ಮನೆಗಳ ನೆಲ, ದನ ಕಡಿದ ಜಾಗ, ಕಲ್ಲಿನ ಅಲಗು ಮಾಡುವ ಕಮ್ಮಟ ತೋರಿಸಿದರು. ದನ ಕೂಡುತ್ತಿದ್ದ ಜಾಗ ಬೇರೆ, ಸಗಣಿ ಒಟ್ಟಿ ಸುಟ್ಟ ಜಾಗ ಬೇರೆ. ಬೂದಿಗುಡ್ಡ ಊರಿನ ತಿಪ್ಪೆ, ಪಕ್ಕದಲ್ಲೇ ಊರಿತ್ತು. ದೊಡ್ಡಿ ಯಾವುದು, ತಿಪ್ಪೆ ಯಾವುದು ಎಂಬ ಈ ಜಗಳದಲ್ಲಿ ದನ ಕಟ್ಟಿದ ಯಾವ ರೈತನೂ ಬಾಯಿ ಹಾಕಬಹುದು. ಆಲ್ಚಿನ್ ಹೀಗೆ ಸೋತದ್ದನ್ನೂ ನಾನು ಅವರ ಗೆಲುವಿನ ಲೆಕ್ಕಕ್ಕೇ ಬರೆದುಕೊಳ್ಳುತ್ತೇನೆ.

ನಮ್ಮ ವಿದ್ವತ್ತಿಗೆ ಹಟ್ಟಿಯ ಮಾತಿನ ರುಚಿ ಕೆಟ್ಟಿದೆ. ಕನ್ನಡದಲ್ಲಿ ಬರೆಯುವವರೂ ದೊಡ್ಡಿಗೆ ‘ಪಶುಸಂಗೋಪನಾ ಆವರಣ’, ತಿಪ್ಪೆಗೆ ‘ತ್ಯಾಜ್ಯ ಸಂಚಯ’ ಎನ್ನುತ್ತಾರೆ. ನಾನೊಮ್ಮೆ ಲೇಖನವೊಂದರಲ್ಲಿ ದೊಡ್ಡಿಗೆ ‘ರೊಪ್ಪ’ ಎಂದು ಬರೆದಿದ್ದೆ. ಅದು ಗ್ರಾಮ್ಯವೆಂದು ಹೊಡೆದುಹಾಕಿ ಅಚ್ಚು ಮಾಡಿದರು. ಬೇಲಿಯ ಕಂಬ, ಸಗಣಿ, ಗೊರಸಿನ ಅಚ್ಚು ಎಲ್ಲವನ್ನೂ ಒಂದೇ ಉಸಿರಿಗೆ ಹೇಳುವ ಮಾತು ಅದು. ಅದರ ಜಾಗಕ್ಕೆ ಅವರು ಹಾಕಿದ್ದು ‘ಆವರಣ’.