ಹೊಸಹಳ್ಳಿಯ ಸಾಲಿನಲ್ಲಿ ಎರಡೇ ಒಂದು

ನಮ್ಮ ಮೆಟ್ರೋ ನೇರಳೆ ಮಾರ್ಗದಲ್ಲಿ 37 ನಿಲ್ದಾಣ. ವೈಟ್‌ಫೀಲ್ಡ್‌ನಿಂದ ಎಣಿಸುತ್ತ ಬಂದರೆ ನಮ್ಮ ಹೊಸಹಳ್ಳಿ 26ನೆಯದು. ಯಾವುದರ ಪಕ್ಕ ಯಾವುದು ಎಂಬುದನ್ನು ಮ್ಯಾಟ್ರಿಕ್ಸ್‌ಗೆ ಇಳಿಸಿದರೆ 1369 ಮನೆಗಳ ಚೌಕ. 72 ಮನೆಗಳಲ್ಲಿ ಒಂದು, ಮಿಕ್ಕಿದ್ದೆಲ್ಲ ಸೊನ್ನೆ. ಹೊಸಹಳ್ಳಿಯ ಅಡ್ಡಸಾಲಿನಲ್ಲಿ ಎರಡೇ ಒಂದು: ಮಾಗಡಿ ರಸ್ತೆಗೆ, ವಿಜಯನಗರಕ್ಕೆ. ಇದು ವಿರಳ ಮ್ಯಾಟ್ರಿಕ್ಸ್. ಸೇತುವೆ, ವಿದ್ಯುತ್ ಜಾಲಗಳ ಲೆಕ್ಕದಲ್ಲಿ ಇದೇ ಲಕ್ಷಗಟ್ಟಲೆ ಸಾಲಿಗೆ ಬೆಳೆಯುತ್ತದೆ. ಹಾಗೇ ಫೈಲಿಗೆ ಸುರಿದರೆ ಡಿಸ್ಕ್ ತುಂಬ ಸೊನ್ನೆ.

ಹಿಂದೆ ಹಾರ್ವೆಲ್-ಬೋಯಿಂಗ್ ಪದ್ಧತಿಯಿತ್ತು. ಪಂಚ್ ಕಾರ್ಡಿನ 80 ಅಕ್ಷರಗಳ ಅಗಲಕ್ಕೆ ಹೊಂದಿಸಿದ್ದು. ಫೋರ್ಟ್ರಾನ್‌ಗೆ ಸಲೀಸು, ಕಣ್ಣಿಗೆ ಶಿಕ್ಷೆ. ನನ್ನ ಓಟು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 1996ರಲ್ಲಿ ವಿವರಿಸಿದ ಮ್ಯಾಟ್ರಿಕ್ಸ್ ಮಾರ್ಕೆಟ್ ಪದ್ಧತಿಗೆ. ಮೊದಲು ತಲೆಸಾಲು, ಅದರ ಕೆಳಗೆ ‘37 37 36’, ಆಮೇಲೆ ‘26 25 1’, ‘27 26 1’ ಎಂಬಂಥ ಸಾಲುಗಳು. ಅಡ್ಡಸಾಲು, ಕಂಬಸಾಲು, ಬೆಲೆ, ಅಷ್ಟೇ. 72 ಇದ್ದದ್ದು 36 ಆದದ್ದು ತಲೆಸಾಲಿನಲ್ಲಿ ‘ಸಿಮೆಟ್ರಿಕ್’ ಎಂದಿರುವುದರಿಂದ; ಆಗ ಕರ್ಣದ ಕೆಳಗಿನ ಅರ್ಧ ಬರೆದರೆ ಸಾಕು. ಅಲ್ಲಿ ಕೈತಪ್ಪಿ ‘ಜನರಲ್’ ಎಂದಾದರೆ ರೈಲುಗಳೆಲ್ಲ ವೈಟ್‌ಫೀಲ್ಡ್ ಕಡೆಗೇ ಓಡುತ್ತವೆ, ಅಲ್ಲಿಂದ ಮರಳುವ ದಾರಿಯೇ ಇರದು!

ಪೈಥಾನ್ ಮಂದಿಗೆ ಇನ್ನೊಂದು ಗುಂಡಿ ಕಾದಿದೆ. ಅವರ ಎಣಿಕೆ ಸೊನ್ನೆಯಿಂದ, ಈ ಫೈಲಿನದು ಒಂದರಿಂದ. ಸೈಪೈಯ ‘ಎಂಎಂರೈಟ್’ ಇದನ್ನು ತಾನೇ ನೋಡಿಕೊಳ್ಳುತ್ತದೆ. ಸ್ವಂತ ಲೂಪ್ ಬರೆಯುವ ಉತ್ಸಾಹಿಗಳ ಕೈಯಲ್ಲಿ ಹೊಸಹಳ್ಳಿ 25ಕ್ಕೆ ಜಾರಿ ಮಾಗಡಿ ರಸ್ತೆಯಾಗಿಬಿಡುತ್ತದೆ.

ಬೆಲೆಗಳಲ್ಲಿ ದಶಮಾಂಶವಿದ್ದರೆ ಜಿಪುಣತನ ಬೇಡ. ಸಿ ಭಾಷೆಯ ‘ಪರ್ಸೆಂಟ್ ಜಿ’ ಸುಮ್ಮನೆ ಬಿಟ್ಟರೆ ಆರೇ ಅಂಕಿ ಬರೆಯುತ್ತದೆ. ಮೂರರಲ್ಲೊಂದು ಭಾಗ 0.333333 ಆಗಿ ನಿಲ್ಲುತ್ತದೆ. ಡಬಲ್ ಸಂಖ್ಯೆ ಬರೆದಂತೆಯೇ ಮರಳಿ ಬರಬೇಕಾದರೆ 17 ಅಂಕಿ ಬೇಕು. ಫೈಲು ದಪ್ಪವಾಗಲಿ, ಬೇಕಾದರೆ ಜಿಪ್ ಮಾಡಿ. ಬೈನರಿ ಫೈಲು ವೇಗದ್ದು, ಒಪ್ಪಿದೆ. ಆದರೆ ಬೇರೆಯವರ ಕೈಗೆ ಕೊಡುವುದಕ್ಕೆ ಪಠ್ಯವೇ ಲೇಸು.

ಮೂರನೇ ಹಂತದಲ್ಲಿ ಹೊಸಹಳ್ಳಿಯಿಂದ ಕಡಬಗೆರೆಗೆ 12.5 ಕಿಲೋಮೀಟರ್ ಮಾರ್ಗಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದು ಬಂದಾಗ ನಮ್ಮ ಅಡ್ಡಸಾಲಿಗೆ ಮೂರನೆಯ ಒಂದು ಸೇರುತ್ತದೆ. ಫೈಲಿನ ಬಾಲಕ್ಕೆ ಸಾಲು ಸೇರಿಸುವವರು ‘37 37 36’ನ್ನೂ ತಿದ್ದಿ. ಎಣಿಕೆ ತಾಳೆಯಾಗದ ಫೈಲನ್ನು ಯಾರಿಗೂ ಕಳಿಸಬೇಡಿ.